ಎರಡು ಗೇಮ್‌ಗಳಲ್ಲಿ ಒಂದೇ ಹೆಸರಿನ ಫೈಲ್ ಇದ್ದರೆ ಒಂದನ್ನು ಅಳಿಸಬಹುದಾ?

ಅಳಿಸಬೇಡಿ. ಜಿಟಿಎ ಸರಣಿಯ ವೈಸ್ ಸಿಟಿ ಗೇಮಲ್ಲೂ ಸ್ಯಾನ್ ಆಂಡ್ರಿಯಾಸ್ ಗೇಮಲ್ಲೂ ಜಿಟಿಎ3.ಐಎಂಜಿ ಅನ್ನೋ ಫೈಲ್ ಕಂಡು, ಕಂಪನಿಯವರು ಒಂದೇ ಗೇಮಿಗೆ ಬಣ್ಣ ಬಳಿದು ಎರಡು ಸಲ ಮಾರಿದ್ದಾರಾ, ಒಂದು ತೆಗೆದರೆ ಜಾಗ ಉಳಿಯುತ್ತಾ ಅಂತ ಕೇಳಿದ್ದೀರಿ. ಇದೇ ಲೆಕ್ಕ ಹಾಕಿ ನಾನು ಒಂದು ಭಾನುವಾರ ಹತ್ತು ಕಂಪ್ಯೂಟರ್ ಮಲಗಿಸಿದ್ದೆ.

2005ರ ದಸರಾ ರಜೆ. ಮೈಸೂರಲ್ಲಿ ಬಿ.ಎಸ್ಸಿ ಓದ್ತಾ, ಸಂಜೆ ಸರಸ್ವತಿಪುರಂನ ಒಂದು ಸೈಬರ್‌ನಲ್ಲಿ ಕೂರುತ್ತಿದ್ದೆ. ಹೆಸರಿಗೆ ಸೈಬರ್, ನಡೆಯುತ್ತಿದ್ದುದು ಪೂರ್ತಿ ಕೌಂಟರ್ ಸ್ಟ್ರೈಕ್ 1.6 ಅನ್ನೋ ಗುಂಡು ಹಾರಿಸೋ ಗೇಮ್. ಆ ವರ್ಷ ಸ್ಯಾನ್ ಆಂಡ್ರಿಯಾಸ್ ಪಿಸಿಗೆ ಬಂದಿತ್ತು, ಹುಡುಗರು ದಿನಾ ಬಂದು 'ಹಾಕಿದ್ರಾ, ಹಾಕಿದ್ರಾ' ಅಂತ ಪ್ರಾಣ ತಿನ್ನೋರು. ಅದಕ್ಕೆ ಮೂರೂವರೆ ಜಿಬಿಗೂ ಜಾಸ್ತಿ ಜಾಗ ಬೇಕು. ನಮ್ಮ ಡಿಸ್ಕ್‌ಗಳು 40 ಜಿಬಿಯವು, ಅರ್ಧಕ್ಕರ್ಧ ಓನರ್ ಅಣ್ಣನ ಸಿನಿಮಾಗಳು. ಅವನ್ನು ಮುಟ್ಟೋ ಹಾಗಿಲ್ಲ.

ಶನಿವಾರ ರಾತ್ರಿ ಕೂತು ಹುಡುಕಿದೆ. ಕೌಂಟರ್ ಸ್ಟ್ರೈಕ್ ಫೋಲ್ಡರ್ ಒಳಗೆ 'ಸಿಸ್ಟ್ರೈಕ್' ಅಂತ ಒಂದು, 'ವಾಲ್ವ್' ಅಂತ ಇನ್ನೊಂದು. ವಾಲ್ವ್ ತೆಗೆದು ನೋಡಿದರೆ ಎಲ್ಲಾ ಹಾಫ್ ಲೈಫ್ ಅನ್ನೋ ಇನ್ನೊಂದು ಗೇಮಿನ ಸಾಮಾನು. ನಮ್ಮ ಸೈಬರ್‌ನಲ್ಲಿ ಹಾಫ್ ಲೈಫ್ ಆಡೋರು ಒಬ್ಬರೂ ಇರಲಿಲ್ಲ. ಡಸ್ಟ್ 2 ಮ್ಯಾಪ್, ಗನ್ನು, ಸೌಂಡು ಸಿಸ್ಟ್ರೈಕ್ ಒಳಗೇ ಕಾಣ್ತಾ ಇದೆ. ಹಾಗಾದ್ರೆ ವಾಲ್ವ್ ದಂಡಕ್ಕೆ ಕೂತಿದೆ ಅಂದುಕೊಂಡೆ. ಡೆಸ್ಕ್‌ಟಾಪ್ ಶಾರ್ಟ್‌ಕಟ್‌ನಲ್ಲಿ 'ಎಚ್‌ಎಲ್.ಇಎಕ್ಸ್‌ಇ -ಗೇಮ್ ಸಿಸ್ಟ್ರೈಕ್' ಅಂತ ಬರೆದಿತ್ತು. ದಿನಾ ನೋಡಿದ್ದೆ. ಎಚ್‌ಎಲ್ ಅಂದ್ರೆ ಹಾಫ್ ಲೈಫ್ ಅಂತ ಹೊಳೆಯಲೇ ಇಲ್ಲ!

ಇಲ್ಲಿವರೆಗೆ ಆಗಿದ್ದು ಬರೀ ದಡ್ಡತನ, ಅದಕ್ಕೆ ಕ್ಷಮೆ ಇದೆ. ನನ್ನನ್ನು ಮುಳುಗಿಸಿದ್ದು ಮುಂದಿನದು. ಹತ್ತು ಮೆಷಿನ್‌ಗೂ ಎದ್ದು ಹೋಗೋಕೆ ಸೋಮಾರಿತನ. ಸರ್ವರ್ ಮುಂದೆ ಕೂತೇ, ನೆಟ್‌ವರ್ಕ್‌ನಲ್ಲಿ ಒಂದೊಂದು ಮೆಷಿನ್ನಿನ ಡಿ ಡ್ರೈವ್ ತೆರೆದು ವಾಲ್ವ್ ಡಿಲೀಟ್ ಮಾಡುತ್ತಾ ಹೋದೆ. ನೆಟ್‌ವರ್ಕ್ ಮೇಲಿಂದ ಅಳಿಸಿದ್ದು ರೀಸೈಕಲ್ ಬಿನ್‌ಗೆ ಹೋಗಲ್ಲ, ಸೀದಾ ಹೋಗುತ್ತೆ. ಇದು ನನಗೆ ಗೊತ್ತಿರಲಿಲ್ಲ. ಬಿನ್‌ನಲ್ಲಿ ಇರುತ್ತಲ್ಲ ಅನ್ನೋ ಧೈರ್ಯ. ಸರ್ವರ್‌ನಲ್ಲಿ ಮಾತ್ರ ಜಾಗ ತಕ್ಷಣ ಖಾಲಿ ಆಗಲಿ ಅಂತ ಶಿಫ್ಟ್ ಒತ್ತಿ ಅಳಿಸಿದೆ, ಬೇರೆ ಮೆಷಿನ್‌ಗಳಲ್ಲಿ ಇದ್ದೇ ಇದೆ ಅಂತ. ಅಂದ್ರೆ ಇಲ್ಲಿ ಅಳಿಸುವಾಗ ಅಲ್ಲಿದೆ ಅಂದುಕೊಂಡೆ, ಅಲ್ಲಿ ಅಳಿಸುವಾಗ ಬಿನ್‌ನಲ್ಲಿದೆ ಅಂದುಕೊಂಡೆ. ಒಂದೇ ಒಂದು ಮೆಷಿನ್‌ನಲ್ಲಿ ಅಳಿಸಿ, ಗೇಮ್ ಒಮ್ಮೆ ಓಪನ್ ಮಾಡಿ ನೋಡಿದ್ದರೆ ಎರಡು ನಿಮಿಷದ ಕೆಲಸ. ಮಾಡಲಿಲ್ಲ. ಹತ್ತೂ ಮುಗಿಸಿ ಬಾಗಿಲು ಹಾಕಿ ರೂಮಿಗೆ ಹೋಗಿ ಮಲಗಿದೆ.

ಮರುದಿನ ಹತ್ತು ಗಂಟೆಗೆ ಟೂರ್ನಮೆಂಟ್. ಐದೈದು ಜನರ ಟೀಮುಗಳು, ತಲೆಗೆ ಐವತ್ತು ರೂಪಾಯಿ ಎಂಟ್ರಿ. ಒಂದು ಮೆಷಿನ್‌ನಲ್ಲೂ ಗೇಮ್ ಏಳಲಿಲ್ಲ.

"ಏನೋ ಮಾಡ್ದೆ ನಿನ್ನೆ?"

"ಹಾಫ್ ಲೈಫ್ ತೆಗ್ದೆ ಅಣ್ಣ. ಯಾರೂ ಆಡ್ತಿರಲಿಲ್ಲ ಅಲ್ವಾ."

ಓನರ್ ಅಣ್ಣ ಬೈಯಲೂ ಇಲ್ಲ, ತಲೆ ಮೇಲೆ ಕೈ ಹೊತ್ತು ಸ್ಟೂಲ್ ಮೇಲೆ ಕೂತುಬಿಟ್ಟ. ಗೇಮಿನ ಸೀಡಿ ಅವನ ಸ್ನೇಹಿತನ ಹತ್ರ, ಸ್ನೇಹಿತ ಮಂಡ್ಯದಲ್ಲಿ. ದಸರಾ ಜನ ತುಂಬಿದ ಬಸ್ಸಲ್ಲಿ ನಿಂತುಕೊಂಡೇ ಹೋಗಿ ನಿಂತುಕೊಂಡೇ ಬಂದೆ. ಆಟ ಶುರುವಾದಾಗ ಮೂರು ಗಂಟೆ. ಅಷ್ಟರಲ್ಲಿ ಎರಡು ಟೀಮ್ ದುಡ್ಡು ವಾಪಸ್ ತಗೊಂಡು ಹೋಗಿತ್ತು. ಅದು ನನ್ನ ಸಂಬಳದಲ್ಲಿ ಕಟ್.

ವಿಷಯ ಏನಪ್ಪಾ ಅಂದ್ರೆ, ಕೌಂಟರ್ ಸ್ಟ್ರೈಕ್ ಹುಟ್ಟಿದ್ದೇ ಹಾಫ್ ಲೈಫ್ ಮನೆಯ ಬಾಡಿಗೆ ಕೋಣೆಯಲ್ಲಿ. 1999ರಲ್ಲಿ ಮಿನ್ ಲೆ, ಜೆಸ್ ಕ್ಲಿಫ್ ಅನ್ನೋ ಇಬ್ಬರು ಅದನ್ನು ಹಾಫ್ ಲೈಫ್ ಮೇಲೆ ಮಾಡ್ ಆಗಿ, ಅಂದ್ರೆ ಇದ್ದ ಗೇಮನ್ನೇ ತಿದ್ದಿ ಮಾಡಿದ ಹೊಸ ಆಟವಾಗಿ ಕಟ್ಟಿದರು. ಆಮೇಲೆ ವಾಲ್ವ್ ಕಂಪನಿ ಅದನ್ನು ಕೊಂಡು 2000ದಲ್ಲಿ ಅಂಗಡಿಗೆ ತಂತು. ಪರದೆ ಮೇಲೆ ಗೋಡೆ ಬಿಡಿಸೋದು, ಸದ್ದು ಹೊರಡಿಸೋದು, ಮೌಸ್ ಓದೋದು, ನೆಟ್‌ವರ್ಕ್‌ನಲ್ಲಿ ಮಾತಾಡೋದು ಎಲ್ಲಾ ಎಂಜಿನ್ ಕೆಲಸ. ಬಾಂಬ್ ಎಷ್ಟು ಸೆಕೆಂಡಿಗೆ ಸಿಡಿಯಬೇಕು, ಎಕೆ 47ಗೆ ಎಷ್ಟು ದುಡ್ಡು, ಇದು ಗೇಮಿನ ಕೆಲಸ. ಗೇಮಿನ ಫೋಲ್ಡರ್‌ನಲ್ಲಿ ಸಿಗದ ಫೈಲನ್ನು ಆ ಎಂಜಿನ್ ವಾಲ್ವ್ ಫೋಲ್ಡರ್‌ಗೆ ಹೋಗಿ ಹುಡುಕುತ್ತೆ. ನಾನು ಅಳಿಸಿದ್ದು ಅದನ್ನೇ. ಹಾಫ್ ಲೈಫ್ ಎಂಜಿನ್ ಕೂಡ ಸೊನ್ನೆಯಿಂದ ಬರೆದದ್ದಲ್ಲ, ಕ್ವೇಕ್ ಗೇಮಿನ ಎಂಜಿನ್ನಿಗೆ ಲೈಸೆನ್ಸ್ ತಗೊಂಡು ತಿದ್ದಿದ್ದು.

ಇದಕ್ಕೇ ನಿಮ್ಮ 'ಬಣ್ಣ ಬಳಿದು ಮಾರಿದ್ದು' ಅನ್ನೋ ಮಾತು ನಾನು ಒಪ್ಪಲ್ಲ. ನಮ್ಮೂರು ಮಂಡ್ಯದ ಕಡೆ. ಬೇಸಿಗೆಯಲ್ಲಿ ಆಯಿಲ್ ಎಂಜಿನ್ನಿಗೆ ಬೆಲ್ಟ್ ಹಾಕಿ ನೀರೆತ್ತೋರು, ಆಲೆಮನೆ ಶುರುವಾದರೆ ಅದೇ ಎಂಜಿನ್ನಿಗೆ ಕಬ್ಬಿನ ಗಾಣ. ನೀರೂ ಬೆಲ್ಲವೂ ಒಂದೇ ಅಂತ ಯಾರೂ ಜಗಳ ತೆಗೆಯಲಿಲ್ಲ. ಜಿಟಿಎ 3, ವೈಸ್ ಸಿಟಿ, ಸ್ಯಾನ್ ಆಂಡ್ರಿಯಾಸ್ ಮೂರಕ್ಕೂ ಬೇರೆ ಕಂಪನಿಯ ರೆಂಡರ್‌ವೇರ್ ಅನ್ನೋ ಎಂಜಿನ್ನೇ. ಫೋನಿನ ಗೇಮ್‌ಗಳಲ್ಲೂ ಲೂಡೋ ಕಿಂಗ್, ಫ್ರೀ ಫೈರ್ ಎರಡೂ ಯೂನಿಟಿ ಅನ್ನೋ ಎಂಜಿನ್ನಿನವು, ಪಬ್‌ಜಿ ಅನ್‌ರಿಯಲ್ ಎಂಜಿನ್ನಿನದು.

ಇನ್ನು ಹೆಸರು. ಹೆಸರು ಒಂದೇ ಆದರೆ ಒಳಗಿರೋದು ಒಂದೇ ಅಲ್ಲ. ಎಲ್ಲಾ ಊರಲ್ಲೂ ಪೋಸ್ಟ್‌ಮ್ಯಾನ್ ಇರ್ತಾನೆ, ಒಬ್ಬನೇ ಮನುಷ್ಯ ಅಲ್ಲವಲ್ಲ. ವಾಲ್ವ್ ಫೋಲ್ಡರ್‌ನಲ್ಲೂ ಸಿಸ್ಟ್ರೈಕ್‌ನಲ್ಲೂ ಕ್ಲೈಂಟ್.ಡಿಎಲ್‌ಎಲ್ ಅನ್ನೋ ಕೋಡ್ ಫೈಲ್ ಇದೆ, ಎಂಜಿನ್ ಆ ಹೆಸರು ಹುಡುಕುತ್ತೆ ಅಂತ. ಒಳಗಿನ ಕೋಡ್ ಬೇರೆ ಬೇರೆ. ನಿಮ್ಮ ಜಿಟಿಎ3.ಐಎಂಜಿ ಕಥೆಯೂ ಅಷ್ಟೇ. ಹಳೇ ಗೇಮಿನ ಹೆಸರು ಹಾಗೇ ಉಳಿದಿದೆ, ಒಳಗೆ ಆಯಾ ಊರಿನ ಮನೆ, ಕಾರು, ಜನ. ವೈಸ್ ಸಿಟಿಯಲ್ಲಿ ಅದರೊಳಗೆ ಏನೇನಿದೆ ಅನ್ನೋ ಪಟ್ಟಿ ಪಕ್ಕದ ಜಿಟಿಎ3.ಡಿಐಆರ್‌ನಲ್ಲಿದೆ, ಸ್ಯಾನ್ ಆಂಡ್ರಿಯಾಸ್‌ನಲ್ಲಿ ಪಟ್ಟಿ ಐಎಂಜಿ ಒಳಗೇ ಸೇರಿದೆ. ಒಂದರದ್ದು ಇನ್ನೊಂದಕ್ಕೆ ಹಾಕಿದರೂ ಓಡಲ್ಲ. ಯೂನಿಟಿ ಗೇಮ್‌ಗಳ ಯೂನಿಟಿಪ್ಲೇಯರ್.ಡಿಎಲ್‌ಎಲ್ ಕೂಡ ಹಾಗೆ, ಒಂದೊಂದು ಗೇಮಿಗೆ ಒಂದೊಂದು ವರ್ಷನ್, ಅದಕ್ಕೇ ಪ್ರತಿ ಗೇಮೂ ತನ್ನ ಪ್ರತಿ ತಾನೇ ಇಟ್ಟುಕೊಳ್ಳುತ್ತೆ.

ಜಾಗ ಬೇಕಾದರೆ ಆಡದ ಗೇಮ್ ಒಂದನ್ನು ಪೂರ್ತಿ ಅನ್‌ಇನ್‌ಸ್ಟಾಲ್ ಮಾಡಿ. ಫೈಲ್ ಹೆಕ್ಕಿ ಹೆಕ್ಕಿ ತೆಗೆಯೋ ಕೆಲಸ ಬೇಡವೇ ಬೇಡ. ಈಗಾಗಲೇ ಏನಾದರೂ ಅಳಿಸಿ 'ಡಿಎಲ್‌ಎಲ್ ಮಿಸ್ಸಿಂಗ್' ಬರ್ತಿದ್ದರೆ, ಕಂಡ ಕಂಡ ಸೈಟಿಂದ ಡಿಎಲ್‌ಎಲ್ ಇಳಿಸಬೇಡಿ, ಗೇಮನ್ನೇ ಮತ್ತೆ ಹಾಕಿ. ಸ್ಯಾನ್ ಆಂಡ್ರಿಯಾಸ್ ಸೇವ್‌ಗಳು ಡಾಕ್ಯುಮೆಂಟ್ಸ್ ಒಳಗೆ ಬೇರೆ ಫೋಲ್ಡರ್‌ನಲ್ಲಿರುತ್ತವೆ, ಮೊದಲು ಅದನ್ನು ಪೆನ್‌ಡ್ರೈವ್‌ಗೆ ಹಾಕ್ಕೊಳ್ಳಿ.

ನಮ್ಮ ಸೈಬರ್‌ಗೆ ಆ ದಸರಾದಲ್ಲಿ ಸ್ಯಾನ್ ಆಂಡ್ರಿಯಾಸ್ ಬರಲೇ ಇಲ್ಲ. ಅಣ್ಣನ ಸಿನಿಮಾಗಳು ಹಾಗೇ ಇದ್ದವು.