ಮುಂಬಯಿಯಿಂದ ದುಬೈಗೆ ವಿಮಾನದಲ್ಲಿ ಎಷ್ಟು ಹೊತ್ತು? ಹೋಗುವಾಗ ಕಡಿಮೆ, ಬರುವಾಗ ಜಾಸ್ತಿ ಯಾಕೆ ತೋರಿಸುತ್ತೆ?

ಬೆಳಗಿನ ಜಾವ 4:15ಕ್ಕೆ ಹೊರಟು 5:55ಕ್ಕೆ ದುಬೈ, ವಾಪಸ್ ರಾತ್ರಿ 10:10ಕ್ಕೆ ಹೊರಟು 2:30ಕ್ಕೆ ಮುಂಬಯಿ ಅಂತ ಬರೆದಿದ್ದೀರಿ. ನಿಮ್ಮ ಟಿಕೆಟ್ ಸರಿಯಾಗಿಯೇ ಇದೆ. ಹೊರಡುವ ಸಮಯ ಹೊರಡುವ ಊರಿನ ಗಡಿಯಾರದ್ದು, ಇಳಿಯುವ ಸಮಯ ಇಳಿಯುವ ಊರಿನದ್ದು. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ಹೋಗುವಾಗ ಅದನ್ನು ಕೂಡಿಸಿ, 3 ಗಂಟೆ 10 ನಿಮಿಷ. ಬರುವಾಗ ಕಳೆಯಿರಿ, 2 ಗಂಟೆ 50 ನಿಮಿಷ.

ಇನ್ನೂ ಇಪ್ಪತ್ತು ನಿಮಿಷ ವ್ಯತ್ಯಾಸ ಉಳಿಯಿತಲ್ಲ, ಅದು ಗಾಳಿಯದ್ದು. ಚಳಿಗಾಲದಲ್ಲಿ ಅಷ್ಟು ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿ ಬೀಸುತ್ತದೆ. ಹೋಗುವಾಗ ವಿಮಾನ ಅದಕ್ಕೆ ಎದುರಾಗಿ ಹೋಗಬೇಕು, ಬರುವಾಗ ಅದೇ ಹಿಂದಿನಿಂದ ತಳ್ಳುತ್ತದೆ. ಮಳೆಗಾಲದಲ್ಲಿ ಈ ಅಂತರ ಅಷ್ಟಿರುವುದಿಲ್ಲ.

ದೂರ ನೇರ ಗೆರೆಯಲ್ಲಿ ಸುಮಾರು 1,930 ಕಿಲೋಮೀಟರ್, ಹೆಚ್ಚಿನ ಭಾಗ ಅರಬ್ಬಿ ಸಮುದ್ರದ ಮೇಲೆಯೇ. ನಾವು ಉಡುಪಿ ಕಡೆಯವರಿಗೆ ಇದೊಂದು ತಮಾಷೆ. ಮಧ್ಯಾಹ್ನ ಕುರ್ಲಾದಲ್ಲಿ ಮತ್ಸ್ಯಗಂಧಾ ರೈಲು ಹತ್ತಿದರೆ ಊರು ಮುಟ್ಟುವುದು ಮರುದಿನ ಬೆಳಿಗ್ಗೆ. ಅಷ್ಟರಲ್ಲಿ ದುಬೈಗೆ ಹೋಗಿ, ಚಾ ಕುಡಿದು, ತಿರುಗಿ ಬರಬಹುದು.

ಆದರೆ ಬರೀ ಮೂರು ಗಂಟೆಯ ಪ್ರಯಾಣ ಅಂದುಕೊಳ್ಳಬೇಡಿ. ನಾನಿರುವುದು ಮುಂಬಯಿ ಹೊರವಲಯದ ಡೊಂಬಿವಿಲಿಯಲ್ಲಿ. 4:15ರ ಫ್ಲೈಟಿಗೆ ರಾತ್ರಿ ಒಂದಕ್ಕೆಲ್ಲ ಸಹಾರ್ ವಿಮಾನ ನಿಲ್ದಾಣದ ಟರ್ಮಿನಲ್ 2ರಲ್ಲಿ (ಟಿ2) ಇರಬೇಕು. ಬೆಳಗಿನ ಫ್ಲೈಟ್ ಆದರೆ ನಿದ್ದೆಯ ಆಸೆ ಬಿಡಿ. ಹಗಲು ಹೊತ್ತಾದರೆ ಲೋಕಲ್‌ನಲ್ಲಿ ಘಾಟ್ಕೋಪರ್, ಅಲ್ಲಿಂದ ಮೆಟ್ರೋದಲ್ಲಿ ಮರೋಳ್ ನಾಕಾ, ಅಲ್ಲಿ ಬದಲಿಸಿ ಟಿ2 ಸ್ಟೇಷನ್. ದೊಡ್ಡ ಲಗೇಜು ಇದ್ದರೆ ಲೋಕಲ್ ಸಹವಾಸ ಬೇಡ.

ನಿಮ್ಮ ವಾಪಸ್ ಫ್ಲೈಟಿನ ಬಗ್ಗೆ ಒಂದು ಮಾತು. ಹತ್ತೂ ಹತ್ತಕ್ಕೆ ಹೊರಟ ವಿಮಾನ ಇಳಿಯುವಷ್ಟರಲ್ಲಿ ತಾರೀಕು ಬದಲಾಗಿರುತ್ತದೆ. ಕರೆದುಕೊಂಡು ಹೋಗಲು ಬರುವವರಿಗೆ ಇಳಿಯುವ ತಾರೀಕನ್ನೇ ಹೇಳಿ. ದುಬೈಯ ಕರಾಮಾದಲ್ಲಿರುವ ಅಕ್ಕನ ಮನೆಯಲ್ಲಿ ಅಮ್ಮ ಒಂದು ತಿಂಗಳು ಇದ್ದು ಬಂದರು. (ತಿಂಗಳಿಡೀ ಅಮ್ಮನ ಕೈಗಡಿಯಾರ ಊರಿನ ಟೈಮಿನಲ್ಲೇ ಇತ್ತಂತೆ. "ಮನೆಯಲ್ಲಿ ದೀಪ ಹಚ್ಚುವ ಹೊತ್ತು ನನಗೆ ಗೊತ್ತಾಗಬೇಕಲ್ಲ" ಎಂಬ ವಾದ.) ಹೊರಡುವ ಮುಂಚೆ ಅಕ್ಕ ಕಳಿಸಿದ್ದು ಒಂದೇ ಸಾಲು: "14ಕ್ಕೆ ಫ್ಲೈಟು, ಎರಡೂವರೆಗೆ ಮುಂಬಯಿ."

ನಾನು 14ರ ಬೆಳಗಿನ ಜಾವ ಎರಡೂವರೆಗೆ, ಟ್ಯಾಕ್ಸಿ ನಿಲ್ಲಿಸಿಕೊಂಡು, ಟಿ2 ಬಾಗಿಲೆದುರು ಹಾಜರು. ಮೂರೂವರೆಯಾದರೂ ಅಮ್ಮನ ಸುಳಿವಿಲ್ಲ. ಹೆದರಿ ಅಕ್ಕನಿಗೆ ಫೋನ್ ಮಾಡಿದೆ. ಅಲ್ಲಿ ಆಗ ರಾತ್ರಿ ಎರಡು.

"ಎಂಥ ಮಾರಾಯ ಈ ಹೊತ್ತಲ್ಲಿ? ಅಮ್ಮ ಇಲ್ಲೇ ಗೊರಕೆ ಹೊಡೀತಿದ್ದಾರೆ. ಫ್ಲೈಟು ಇವತ್ತು ರಾತ್ರಿ ಅಲ್ವಾ!"