ಟೋನಿ ಹಾಕ್ಸ್ ಪ್ರೊ ಸ್ಕೇಟರ್ 2: ಆ 98 ಅಂಕ ಹೆಚ್ಚಾಯಿತೇ?

ನೀವು ಕೇಳಿದ್ದು ಇಷ್ಟು: ರಾಯಚೂರಿನಲ್ಲಿದ್ದೀರಿ, ಸ್ಕೇಟ್‌ಬೋರ್ಡ್ ಮೇಲೆ ಎಂದೂ ಕಾಲಿಟ್ಟವರಲ್ಲ, ರಿಯಾಯಿತಿಯಲ್ಲಿ ಸಿಕ್ಕಿತೆಂದು ಟೋನಿ ಹಾಕ್ಸ್ ಪ್ರೊ ಸ್ಕೇಟರ್ ಎಂಬ ಸ್ಕೇಟ್‌ಬೋರ್ಡ್ ವಿಡಿಯೊ ಗೇಮ್‌ನ ಮೊದಲೆರಡು ಭಾಗಗಳನ್ನು ಹೊಸದಾಗಿಸಿದ ‘1+2’ ಕೊಂಡು ಲ್ಯಾಪ್‌ಟಾಪಿನ ಕೀಬೋರ್ಡಿನಲ್ಲಿ ಒಂದು ಸಂಜೆ ಆಡಿದಿರಿ, ಬಿದ್ದದ್ದೇ ಬಿದ್ದದ್ದು. ಇದರ ಮೂಲ ಎರಡನೇ ಭಾಗಕ್ಕೆ ವಿಮರ್ಶೆಗಳ ಅಂಕ ಒಟ್ಟುಗೂಡಿಸುವ ಮೆಟಾಕ್ರಿಟಿಕ್ ತಾಣದಲ್ಲಿ 98 ಅಂಕ, ಅದಕ್ಕಿಂತ ಮೇಲೆ 99 ಅಂಕ ಪಡೆದ ಜೆಲ್ಡಾ ಆಟ ಒಂದೇ. ಇಷ್ಟು ಹೊಗಳಿಕೆ ಯಾಕೆ?

ಹೊಗಳಿಕೆ ಸರಿಯೇ ಇದೆ. ಆದರೆ ಸಾಮಾನ್ಯವಾಗಿ ಕೊಡುವ ಕಾರಣಗಳು, ಅಂದರೆ ಹಾಡುಗಳು, ಬಾಲ್ಯದ ನೆನಪು, ಹೆಸರಾಂತ ಸ್ಕೇಟ್‌ಬೋರ್ಡರ್ ಟೋನಿ ಹಾಕ್ ಹೆಸರು, ಇವು ಯಾವುವೂ ನಿಮ್ಮ ಉಪಯೋಗಕ್ಕೆ ಬರುವುದಿಲ್ಲ. ಆಟ ನಿಂತಿರುವುದು ಮ್ಯಾನುವಲ್ ಎಂಬ ಒಂದೇ ಚಲನೆಯ ಮೇಲೆ.

ಮ್ಯಾನುವಲ್ ಅಂದರೆ ಬೋರ್ಡಿನ ಮುಂಭಾಗ ಎತ್ತಿ, ಹಿಂದಿನ ಎರಡು ಚಕ್ರಗಳ ಮೇಲೆ ತೂಗಿಸಿಕೊಂಡು ಸಾಗುವುದು. 1999ರ ಮೊದಲ ಆಟದಲ್ಲಿ ಇದು ಇರಲಿಲ್ಲ. ಹಾರಿ ನೆಲಕ್ಕೆ ಇಳಿದಿರೋ, ಲೆಕ್ಕ ಅಲ್ಲಿಗೇ ಚುಕ್ತಾ. 2000ದ ಎರಡನೇ ಆಟದಲ್ಲಿ ಅದನ್ನು ತಯಾರಿಸಿದ ನೆವರ್‌ಸಾಫ್ಟ್‌ನವರು ಮ್ಯಾನುವಲ್ ಸೇರಿಸಿದ್ದೇ, ಇಳಿದ ಜಾಗದಿಂದ ಮುಂದಿನ ಕಂಬಿಯವರೆಗೂ ಕಾಂಬೊ, ಅಂದರೆ ಒಂದಕ್ಕೊಂದು ಪೋಣಿಸಿದ ಟ್ರಿಕ್‌ಗಳ ಸರಣಿ, ಮುರಿಯದೆ ಉಳಿಯತೊಡಗಿತು. ಅದರಿಂದ ಆಗುವ ಲಾಭ ನೋಡ್ರಿ. ಒಂದೊಂದು ಟ್ರಿಕ್‌ಗೆ 100 ಅಂಕ ಅಂತಿಟ್ಟುಕೊಳ್ಳಿ. ಹತ್ತು ಟ್ರಿಕ್ ಬಿಡಿಬಿಡಿಯಾಗಿ ಮಾಡಿದರೆ 1,000. ಅದೇ ಹತ್ತನ್ನು ಒಂದೇ ಕಾಂಬೊದಲ್ಲಿ ಪೋಣಿಸಿದರೆ ಮೊತ್ತವನ್ನು ಟ್ರಿಕ್‌ಗಳ ಸಂಖ್ಯೆಯಿಂದ ಗುಣಿಸುತ್ತಾರೆ: 1,000 ಗುಣಿಸು 10, ಅಂದರೆ 10,000. ಮೂಲ ಎರಡನೇ ಆಟದ ಮೊದಲ ಹಂತವಾದ ಹ್ಯಾಂಗರ್‌ನಲ್ಲಿ ಮೊದಲ ಸ್ಕೋರ್ ಗುರಿ ಇರುವುದೂ 10,000ವೇ. ಆದರೆ ಹನ್ನೊಂದನೆಯ ಟ್ರಿಕ್‌ನಲ್ಲಿ ಬಿದ್ದರೆ ಕೈಗೆ ಬರುವುದು ಸೊನ್ನೆ, ವಿಶೇಷ ಟ್ರಿಕ್‌ಗಳಿಗೆ ಬೇಕಾದ, ತುಂಬಿದ್ದ ಸ್ಪೆಷಲ್ ಮೀಟರ್ ಕೂಡ ಖಾಲಿ. ಇನ್ನೊಂದು ಟ್ರಿಕ್ ಸೇರಿಸಲೋ, ಇಷ್ಟಕ್ಕೇ ನಿಲ್ಲಿಸಲೋ ಎಂಬ ಜೂಜು ಎರಡು ನಿಮಿಷದ ಓಟದುದ್ದಕ್ಕೂ ನಡೆದೇ ಇರುತ್ತದೆ. ಒಂದೇ ಟ್ರಿಕ್ಕನ್ನು ಮತ್ತೆ ಮತ್ತೆ ಮಾಡಿದರೆ ಅದರ ಬೆಲೆ ಇಳಿಯುತ್ತಾ ಹೋಗುವುದರಿಂದ ಬೋರ್ಡನ್ನು ಗಾಳಿಯಲ್ಲಿ ಉರುಳಿಸುವ ಕಿಕ್‌ಫ್ಲಿಪ್ ಒಂದನ್ನೇ ಹಿಡಿದು ದಾಟುವ ಹಾಗೂ ಇಲ್ಲ.

ಹಂತಗಳನ್ನು ಕಟ್ಟಿರುವುದೂ ಈ ಲೆಕ್ಕಕ್ಕೆ ತಕ್ಕಂತೆಯೇ. ‘ಸ್ಕೂಲ್ 2’ ಹಂತದಲ್ಲಿ ಒಂದು ಕಂಬಿ ಮುಗಿಯುವ ಕಡೆ ನಿಂತು ನೋಡಿ, ಒಂದು ಮ್ಯಾನುವಲ್‌ನಷ್ಟು ದೂರದಲ್ಲಿ ಇನ್ನೊಂದು ಕಂಬಿಯೋ ಬೆಂಚೋ ಇದ್ದೇ ಇರುತ್ತದೆ. ಇದು ತಲೆಗೆ ಹತ್ತಿದ ಮೇಲೆ ಬಳ್ಳಾರಿ ಗುಡ್ಡದ ಮೆಟ್ಟಿಲು, ರಾಯಚೂರು ಬಸ್ ಸ್ಟ್ಯಾಂಡಿನ ಕಂಬಿ, ಎಲ್ಲದರಲ್ಲೂ ಗ್ರೈಂಡ್, ಅಂದರೆ ಬೋರ್ಡನ್ನು ಅಂಚಿನ ಮೇಲೆ ಉಜ್ಜಿ ಜಾರಿಸುವ ಗೆರೆಯೇ ಕಾಣುತ್ತದೆ, ಅದಕ್ಕೆ ಔಷಧಿಯಿಲ್ಲ.

ಹೆಚ್ಚು ಜನ ಗಮನಿಸದ ಮಾತೊಂದಿದೆ. ಎರಡನೇ ಆಟದಲ್ಲಿ ರಿವರ್ಟ್ ಇಲ್ಲ. ಎತ್ತರದ ರ‍್ಯಾಂಪಿನಿಂದ ಗಾಳಿಗೆ ಹಾರಿ ಮತ್ತೆ ರ‍್ಯಾಂಪಿಗೇ ಇಳಿದರೆ ಕಾಂಬೊ ಅಲ್ಲಿಗೆ ಮುಗಿಯುತ್ತದೆ. ಇಳಿಯುವಾಗ ಬೋರ್ಡು ತಿರುಗಿಸಿ ಮ್ಯಾನುವಲ್‌ಗೆ ಜಾರುವ ರಿವರ್ಟ್ ಬಂದದ್ದು 2001ರ ಮೂರನೇ ಆಟದಲ್ಲಿ. ಅಲ್ಲಿಂದ ಮುಂದೆ ಕೈ ಪಳಗಿದವರಿಗೆ ಇಡೀ ಓಟವೇ ಒಂದು ಕಾಂಬೊ ಆಗಿ, ಸ್ಕೋರ್ ಲಕ್ಷಗಳಲ್ಲಿ ಏರಿ, ಸ್ಕೋರ್ ಗುರಿಗಳಿಗೆ ಅರ್ಥವೇ ಉಳಿಯಲಿಲ್ಲ. ಮೂರನೇ ಆಟವೇ ಶ್ರೇಷ್ಠ ಅನ್ನುವವರು ಬಹಳ ಇದ್ದಾರೆ. ನಾನು ಒಪ್ಪುವುದಿಲ್ಲ. ರ‍್ಯಾಂಪೋ ಕಂಬಿಯೋ ಎಂದು ಆರಿಸಬೇಕಾದ ಒತ್ತಡ ಇರುವುದು ಎರಡನೇ ಆಟದಲ್ಲಿ ಮಾತ್ರ, ತೂಕ ಸರಿಯಾಗಿ ಕೂತಿರುವುದೂ ಅಲ್ಲೇ.

ನೀವು ಆಡಿದ್ದು ವಿಕೇರಿಯಸ್ ವಿಷನ್ಸ್ 2020ರಲ್ಲಿ ಹೊಸದಾಗಿ ಕಟ್ಟಿದ ಆವೃತ್ತಿ. ಅದರಲ್ಲಿ ರಿವರ್ಟ್ ಮೊದಲಿನಿಂದಲೇ ಇದೆ, ಅಂದರೆ 98 ಪಡೆದ ಆಟ ಅಕ್ಷರಶಃ ಅದಲ್ಲ. ಮೂಲದ ರುಚಿ ಬೇಕಾದರೆ ಸೆಟ್ಟಿಂಗ್‌ನಲ್ಲಿ ಎರಡನೇ ಆಟದ ಚಲನೆಗಳನ್ನಷ್ಟೇ ಉಳಿಸಿಕೊಳ್ಳುವ ಆಯ್ಕೆ ಇದೆ.

ಇನ್ನು ನೀವು ಬೀಳುತ್ತಿರುವ ವಿಷಯ. ಹೊಸಬರು ಜಿಗಿಯುವ ಬಟನ್ನನ್ನು ಒತ್ತಿ ತಕ್ಷಣ ಬಿಡುತ್ತಾರೆ. ಹಾಗಲ್ಲ. ಒತ್ತಿ ಹಿಡಿದರೆ ಸ್ಕೇಟರ್ ಬಗ್ಗಿ ವೇಗ ಕೂಡಿಸುತ್ತಾನೆ, ಬಿಟ್ಟಾಗ ಜಿಗಿಯುತ್ತಾನೆ. ರ‍್ಯಾಂಪಿನ ತುದಿ ಬರುವವರೆಗೂ ಹಿಡಿದೇ ಇರಿ. ಎರಡನೆಯದು, ಗಾಳಿಯಲ್ಲಿ ತಿರುಗಿದರೆ 180, 360 ಡಿಗ್ರಿ ಹೀಗೆ ಪೂರ್ತಿ ತಿರುಗಿ. ಬೋರ್ಡ್ ಅಡ್ಡಡ್ಡ ಇಳಿದರೆ ಬಿದ್ದಿರೆಂದೇ ಅರ್ಥ. ಫ್ಲಿಪ್ ಮುಗಿಯುವ ಮುಂಚೆ ನೆಲ ಬಂದರೂ ಅಷ್ಟೇ, ಆದ್ದರಿಂದ ಗಿಡ್ಡ ಜಿಗಿತದಲ್ಲಿ ಉದ್ದದ ಟ್ರಿಕ್ ಬೇಡ. ಮ್ಯಾನುವಲ್‌ಗೆ ನೆಲ ಮುಟ್ಟುವ ಸ್ವಲ್ಪ ಮುಂಚೆ ಮೇಲೆ, ಕೆಳಗೆ ಎಂದು ಚಕಚಕ ಒತ್ತಬೇಕು. ಆಗ ಪಕ್ಕದಲ್ಲಿ ಮೂಡುವ ಲಂಬ ಮೀಟರಿನ ಮುಳ್ಳು ಯಾವ ಕಡೆ ಓಡುತ್ತದೋ ಅದರ ವಿರುದ್ಧ ಸಣ್ಣಗೆ ತಟ್ಟಿ. ಇದಕ್ಕೆ ಜೋಳದ ರೊಟ್ಟಿ ತಟ್ಟುವ ಕೈಯೇ ಬೇಕು, ಭಾರ ಬಿಟ್ಟರೆ ಹರಿಯುತ್ತದೆ. ಒಂದೇ ಕಾಂಬೊದಲ್ಲಿ ಮ್ಯಾನುವಲ್ ಹೆಚ್ಚಿದಷ್ಟೂ ಮುಳ್ಳಿನ ಓಟ ಜೋರಾಗುತ್ತದೆ, ಹಾಗಾಗಿ ಮುಂದಿನ ಕಂಬಿ ಹತ್ತಿರವಿದ್ದಾಗ ಮಾತ್ರ ಇಳಿಯಿರಿ.

ಶುರುವಿನಲ್ಲಿ ಸ್ಕೇಟರ್‌ನ ವೇಗ, ಎತ್ತರ ಎರಡೂ ಕಮ್ಮಿ. ದೊಡ್ಡ ಗ್ಯಾಪ್‌ಗಳಿಗೆ, ಅಂದರೆ ಹಾರಿ ದಾಟಬೇಕಾದ ಅಂತರಗಳಿಗೆ, ಈಗಲೇ ಹಣೆ ಚಚ್ಚಿಕೊಳ್ಳಬೇಡಿ. ಮೊದಲು ಹಂತಗಳಲ್ಲಿ ಚದುರಿರುವ ಸ್ಟ್ಯಾಟ್ ಪಾಯಿಂಟ್‌ಗಳನ್ನು ಆಯ್ದುಕೊಂಡು ವೇಗಕ್ಕೆ, ಜಿಗಿತಕ್ಕೆ ಹಾಕಿ. ಮ್ಯಾನುವಲ್ ಕೈಗೆ ಕೂರುವವರೆಗೆ ಗೇಮ್ ಮಾಡ್ಸ್ ಎಂಬ ಮೆನುವಿನಲ್ಲಿ ಬ್ಯಾಲೆನ್ಸ್ ತಪ್ಪದ ಆಯ್ಕೆ ಹಾಕಿಕೊಂಡು ದಾರಿ ಕಲಿತರೂ ಪಾಪವಿಲ್ಲ, ಆಮೇಲೆ ತೆಗೆದುಬಿಡಿ.

ಅರ್ಧ ತಪ್ಪು ನಿಮ್ಮ ಕೀಬೋರ್ಡಿನದೂ ಇರಬಹುದು. ಅಗ್ಗದ ಕೀಬೋರ್ಡುಗಳಲ್ಲಿ ಮೂರು ಕೀ ಒಟ್ಟಿಗೆ ಒತ್ತಿದರೆ ಮೂರನೆಯದು ಎಷ್ಟೋ ಸಲ ದಾಖಲಾಗುವುದೇ ಇಲ್ಲ. ಈ ಆಟದಲ್ಲಿ ಎರಡು ದಿಕ್ಕು ಮತ್ತೊಂದು ಬಟನ್ ಒಟ್ಟಿಗೆ ಬೇಕಾಗುವುದು ದಿನನಿತ್ಯದ ಮಾತು. ನೋಟ್‌ಪ್ಯಾಡ್ ತೆರೆದು ಡಬ್ಲ್ಯೂ ಮತ್ತು ಎ ಹಿಡಿದು ಜೆ ಒತ್ತಿ ನೋಡಿ. ಜೆ ಮೂಡದಿದ್ದರೆ ಟ್ರಿಕ್ ಕೀಗಳನ್ನು ಬೇರೆ ಕಡೆ ಬದಲಿಸಿ. ಗೇಮ್‌ಪ್ಯಾಡ್ ಕೊಳ್ಳುವುದಾದರೆ ಡಿ-ಪ್ಯಾಡ್, ಅಂದರೆ ನಾಲ್ಕು ದಿಕ್ಕಿನ ಬಟನ್, ನೋಡಿಯೇ ಕೊಳ್ಳಿ, ಅನಲಾಗ್ ಕಡ್ಡಿಯಲ್ಲಿ ಆ ಮೇಲೆ-ಕೆಳಗೆ ತಟ್ಟುವಿಕೆ ಒರಟು. ಡಿ-ಪ್ಯಾಡ್ ಸಡಿಲವಾಗಿದ್ದರೂ ಕಷ್ಟವೇ, ನೇರ ಒತ್ತಿದ್ದನ್ನು ಮೂಲೆಗೆ ಒತ್ತಿದಂತೆ ತಿಳಿಯುತ್ತದೆ. ಟಿವಿಗೆ ಜೋಡಿಸಿದರೆ ಗೇಮ್ ಮೋಡ್ ಹಾಕಿ, ಇಲ್ಲವಾದರೆ ಚಿತ್ರ ತಡವಾಗಿ ಬಂದು ನಿಮ್ಮ ಟೈಮಿಂಗ್ ಸರಿಯಿದ್ದರೂ ತಪ್ಪಾಗುತ್ತದೆ.

ನಮ್ಮ ಕಡೆ ಬಿಸಿಲಿನದೂ ಪಾಲಿದೆ. ಏಪ್ರಿಲ್-ಮೇನಲ್ಲಿ ಲ್ಯಾಪ್‌ಟಾಪ್ ಕಾದು ಪ್ರೊಸೆಸರ್ ತನ್ನ ವೇಗ ತಾನೇ ಇಳಿಸಿಕೊಳ್ಳುತ್ತದೆ, ಫ್ರೇಮ್‌ಗಳು, ಅಂದರೆ ಸೆಕೆಂಡಿಗೆ ಮೂಡುವ ಚಿತ್ರಗಳು, ಕಮ್ಮಿಯಾಗಿ ಮುಳ್ಳು ನೆಗೆದಾಡುತ್ತದೆ. ಫ್ರೇಮ್ ಮಿತಿ 60ಕ್ಕೆ ಕಟ್ಟಿ, ನೆರಳಿನ ಗುಣಮಟ್ಟ ಇಳಿಸಿ, ಲ್ಯಾಪ್‌ಟಾಪಿನ ಹಿಂಬದಿ ಸ್ವಲ್ಪ ಎತ್ತಿಡಿ. ಶಕ್ತಿನಗರದಲ್ಲೇ ಕರೆಂಟ್ ತಯಾರಾದರೂ ರಾಯಚೂರಿನಲ್ಲಿ ಹೋಗುವುದು ತಪ್ಪಿಲ್ಲವಲ್ಲ, ಬ್ಯಾಟರಿ ಮೇಲೆ ಗ್ರಾಫಿಕ್ಸ್ ಕಾರ್ಡ್ ಇನ್ನೂ ಮಂದವಾಗುತ್ತದೆ. ಒಂದು ಓಟ ಎರಡೇ ನಿಮಿಷವಾದ್ದರಿಂದ ಡೆಸ್ಕ್‌ಟಾಪಿನಲ್ಲಿ ಆಡುವವರದು ಕರೆಂಟ್ ಹೋಗಿ ಆರಿದರೂ ಕಳೆದುಕೊಳ್ಳುವುದು ಅಷ್ಟರದ್ದೇ.

ಅತಿಯಾದ ಹೊಗಳಿಕೆಯೂ ಇದೆ, ಸುಳ್ಳು ಹೇಳುವುದಿಲ್ಲ. ಇದು ನಿಜವಾದ ಸ್ಕೇಟಿಂಗ್‌ನಂತಿದೆ ಅನ್ನುವುದು ಪೊಳ್ಳು. ಅದು ಬೇಕಾದವರಿಗೆ ಗೇಮ್‌ಪ್ಯಾಡಿನ ಬಲಗಡೆಯ ಅನಲಾಗ್ ಕಡ್ಡಿಯಿಂದಲೇ ಬೋರ್ಡು ಒದೆಯುವ 2007ರ ‘ಸ್ಕೇಟ್’ ಇದೆ. ಹಂತದಲ್ಲಿ ಅಡಗಿಸಿಟ್ಟ ಟೇಪ್ ಹುಡುಕುವ ಗುರಿ ಮೊದಲ ಸಲಕ್ಕೆ ಚೆಂದ, ಇನ್ನೊಬ್ಬ ಸ್ಕೇಟರ್‌ನೊಂದಿಗೆ ಅದನ್ನೇ ಮಾಡುವುದು ಬೇಸರ. ಪ್ಲೇಸ್ಟೇಷನ್‌ನ ಮೂಲ ಚಿತ್ರವೂ ಇಂದಿನ ಕಣ್ಣಿಗೆ ಒರಟೇ.

ಆದ್ದರಿಂದ ಇರುವ ‘1+2’ರಲ್ಲೇ ಮುಂದುವರಿಯಿರಿ, ಹಳೆಯದನ್ನು ಹುಡುಕಿ ಹೋಗಬೇಡಿ. ಇದು ಮುಗಿದ ಮೇಲೆ 2025ರ ‘3+4’ ಕಡೆ ನೋಡಬಹುದು. ಆದರೆ ಗಡಿಯಾರವಿಲ್ಲದೆ ಹಂತದೊಳಗೆ ಅಲೆದಾಡಿ ಗುರಿ ಮುಗಿಸುವುದೇ ಮೂಲ ನಾಲ್ಕನೇ ಆಟದ ಸ್ವಭಾವವಾಗಿತ್ತು. ಹೊಸದರಲ್ಲಿ ಅದಕ್ಕೂ ಎರಡು ನಿಮಿಷದ ಮಿತಿ ಹಾಕಿದ್ದಾರೆ, ಕೊಂಡರೆ ಮೂರನೇ ಆಟದ ಸಲುವಾಗಿ ಕೊಳ್ಳಿ.