ಮಗಳ ಖರ್ಚಿನ ದುಡ್ಡು ಕೈಗೆ ಬೇಡ, ಖಾತೆಗೆ ಬರಲಿ

ಎಂಟು ತಿಂಗಳಿಂದ ಬೇರೆ ಇದ್ದೀವಿ, ನಾಲ್ಕನೇ ಕ್ಲಾಸಿನ ಮಗಳಿಗೆ ಅಂತ ಗಂಡ ಆಗೊಮ್ಮೆ ಈಗೊಮ್ಮೆ ಕೈಗೆ ದುಡ್ಡು ಕೊಡ್ತಾರೆ, ಬಾಯಿಮಾತು ಸಾಕಾ ಅಂತ ಕೇಳಿದ್ದೀರಿ. ಸಾಲದು ಅಕ್ಕಾ. ನಾನೂ ಎರಡು ವರ್ಷ ಹಾಗೇ ನಂಬಿ ಕೂತಿದ್ದೆ. ಕೊನೆಗೆ ನನ್ನ ಗಂಡ "ನಾನು ಕೊಟ್ಟಿದ್ದೆ" ಅಂದರು, ನನ್ನ ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ.

ಈ ತಿಂಗಳಿಂದಲೇ ಖಾತೆಗೆ ಹಾಕಲು ಹೇಳಿ. ಒಂದು ನೋಟ್‌ಬುಕ್ಕಿನಲ್ಲಿ ಶಾಲೆ ಫೀಸು, ವ್ಯಾನು, ಹಾಲು, ಜ್ವರ ಬಂದಾಗಿನ ಔಷಧಿ ಎಲ್ಲ ಬರೆದಿಡಿ. ರಸೀದಿಗಳನ್ನು ಅದೇ ಹಾಳೆಗೆ ಪಿನ್ ಮಾಡಿ. ಎಷ್ಟು ಕೇಳಬೇಕು ಅನ್ನುವ ಲೆಕ್ಕ ಅಲ್ಲೇ ಸಿಗುತ್ತದೆ.

ದುಡ್ಡು ಕೊಡ್ತೀನಿ ಅಂತ ಅವರಿಂದ ಛಾಪಾ ಕಾಗದದಲ್ಲಿ ಬರೆಸಿಕೊಂಡರೂ ಅದಕ್ಕೆ ಕೋರ್ಟ್ ಆದೇಶದ ಬಲ ಇರಲ್ಲ. ಅದಕ್ಕೇ ಬಿಎನ್‌ಎಸ್‌ಎಸ್ ಅಂದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ (ಹಿಂದಿನ ಕಾನೂನು ಸಿಆರ್‌ಪಿಸಿಯ 125) ಕೆಳಗೆ ಜೀವನಾಂಶಕ್ಕೆ ಅರ್ಜಿ ಹಾಕಿ. ಡೈವೋರ್ಸ್ ಆಗಿರಬೇಕು ಅಂತೇನಿಲ್ಲ, ನೀವಿರುವ ಜಿಲ್ಲೆಯಲ್ಲೇ ಹಾಕಬಹುದು. ಸುಪ್ರೀಂ ಕೋರ್ಟಿನ 2020ರ ರಜನೇಶ್–ನೇಹಾ ತೀರ್ಪಿನ ಪ್ರಕಾರ ಇಬ್ಬರೂ ಆಸ್ತಿ, ಆದಾಯದ ಅಫಿಡವಿಟ್ ಕೊಡಬೇಕು, ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ. ಅದಕ್ಕೇ ಹೇಳೋದು, ತಡ ಮಾಡಬೇಡಿ. ಕೇಸು ಮುಗಿಯುವವರೆಗಿನ ಮಧ್ಯಂತರ ಜೀವನಾಂಶವನ್ನೂ ಜೊತೆಗೇ ಕೇಳಿ. ಆದೇಶ ಆದಮೇಲೆ ಬಾಕಿ ಉಳಿಸಿಕೊಂಡರೆ, ಆ ದುಡ್ಡು ಕೊಡಬೇಕಿದ್ದ ದಿನದಿಂದ ಒಂದು ವರ್ಷದೊಳಗೆ ವಸೂಲಿಗೆ ಅರ್ಜಿ ಹಾಕಲೇಬೇಕು, ಈ ಗಡುವು ತಪ್ಪಿಸಿಕೊಂಡವರನ್ನು ನೋಡಿದ್ದೇನೆ.

ವಕೀಲರ ಫೀಸಿನ ಚಿಂತೆ ಬೇಡ. ಹೆಂಗಸರಿಗೆ ಆದಾಯ ಎಷ್ಟಿದ್ದರೂ ಉಚಿತ ಕಾನೂನು ನೆರವು ಇದೆ, ಕೋರ್ಟ್ ಆವರಣದಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿ ಕೇಳಿ. ಮಗಳ ಎದುರು ಮಾತ್ರ ಈ ದುಡ್ಡಿನ ಮಾತು ಎತ್ತಬೇಡಿ ಅಕ್ಕಾ.